ಐದು ಚಿಕ್ಕಿಯ ಬಚ್ಚಲು

ಮುಧೋಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುವ ರಾಜೇಶ್ವರಿಗೆ ಮನುಷ್ಯಜಾತಿಯ ಬಗ್ಗೆ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ದಿನಕ್ಕೆ ಎರಡು ಹೊತ್ತು ಅದು ಉಣ್ಣುವುದನ್ನು ಹತ್ತಿರದಿಂದ ನೋಡುವವರಿಗೆ ಇರುವುದೂ ಇಲ್ಲ. ಅದರಲ್ಲೂ ಗಾರೆ ಕೆಲಸದ ಗೌಂಡಿಗಳೆಂದರೆ ಅವಳಿಗೆ ಮೈಯೆಲ್ಲ ಉರಿ. ಗೌಂಡಿ ಹಣಮಪ್ಪ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ‘ನಾಳಿ ಬರ್ತೇನ್ರಿ ಅಕ್ಕಾರ’ ಎನ್ನುತ್ತಲೇ ಅವಳ ಪಂಕ್ತಿಯಲ್ಲಿ ಕೂತು ಉಂಡು ಹೋದ. ಆಮೇಲೆ ಸಕ್ಕರೆ ಕಾರ್ಖಾನೆಯ ಕಡೆ ದೊಡ್ಡ ಕೆಲಸ ಸಿಕ್ಕಿತೆಂದು ಊಟಕ್ಕೆ ಬರುವುದನ್ನೂ ಬಿಟ್ಟ. ಅವನು ಅಳತೆಗೆಂದು ಎಳೆದ ಗೆರೆ ಮಾತ್ರ ಒಳಕೋಣೆಯ ಗೋಡೆಯ ಮೇಲೆ ಸುಣ್ಣದಲ್ಲಿ ಹಾಗೇ ಉಳಿದಿತ್ತು.

ಕಟ್ಟಿಸಬೇಕಾಗಿದ್ದದ್ದು ಅರಮನೆಯಲ್ಲ, ಒಂದು ಬಚ್ಚಲು. ಮಗಳು ರೇಷ್ಮಾಳನ್ನು ರಬಕವಿಯ ಸೀರೆ ವ್ಯಾಪಾರದ ಮನೆಗೆ ಕೊಟ್ಟಿದ್ದರು. ಅವಳೀಗ ಬಸುರಿ. ಸೀಮಂತದ ಕುಬಸ ಮಾಡಿ ಕರೆದುಕೊಂಡು ಬಂದು ಚೊಚ್ಚಲ ಬಾಣಂತನವನ್ನು ತವರಿನಲ್ಲಿ ಮಾಡುವುದು ರೂಢಿ. ರಾಜೇಶ್ವರಿಗೆ ಅದು ಬರೀ ರೂಢಿಯಾಗಿರಲಿಲ್ಲ. ಅವಳ ಹಡೆದವ್ವ ಅವಳ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಅವಳ ಬಾಣಂತನ ಮಾಡಿದವಳು ಅತ್ತೆ ತಂಗೆವ್ವ. ಯಾವ ಕೊರತೆಯನ್ನೂ ಮಾಡಲಿಲ್ಲ. ಆದರೂ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಾಗೆಲ್ಲ ರಾಜೇಶ್ವರಿ ಇಲ್ಲದ ಅವ್ವನನ್ನು ನೆನೆದು ಅತ್ತಿದ್ದಳು. ಮಗಳಿಗೆ ಹಾಗಾಗಬಾರದು ಎಂದು ಅವಳ ಹಟ. ಇದೊಂದು ವಿಷಯ ಬಂದಾಗ ಅವಳ ಬಾಯಿಗೆ ಕೊಂಕು ಬರುತ್ತಿರಲಿಲ್ಲ.

ಆದರೆ ಬೀಗತಿ ಮಾದೇವಿ ಒಮ್ಮೆ ಬಂದವಳು ಹಿತ್ತಲಿನ ಬಚ್ಚಲನ್ನು ನೋಡಿಬಿಟ್ಟಳು. ಹೊಗೆ ಹಿಡಿದ ಗೋಡೆ, ಕರಿ ಮೆತ್ತಿದ ತಾಮ್ರದ ಹಂಡೆ, ಸವೆದ ಕಲ್ಲಿನ ಹಾಸು. ಮಾದೇವಿ ನೆರಿಗೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ಹೊರಗೆ ಬಂದಳು.

“ಇಲ್ಲಿ ಬಾಣಂತನ ಹೆಂಗ ಮಾಡ್ತೀರ್ರಿ ಬೀಗರ? ನಮ್ಮಲ್ಲಿ ಟೈಲ್ಸ್ ಬಚ್ಚಲ ಐತಿ, ಬಿಸಿನೀರಿನ ನಳ ಐತಿ. ಹುಡುಗಿ ಅಲ್ಲೇ ಇರಲಿ ಬಿಡ್ರಿ.”

“ಕುಬಸದೊಳಗ ಮನಿ ಒಳಗ ಹೊಸಾ ಬಚ್ಚಲ ಆಗ್ತೈತ್ರಿ,” ಎಂದಳು ರಾಜೇಶ್ವರಿ.

“ಆದ್ರ ಕಳಸೂದೈತಲ್ರಿ,” ಎಂದು ಮಾದೇವಿ ನಕ್ಕಳು. ಆ ನಗು ರಾಜೇಶ್ವರಿಗೆ ಬಹಳ ದಿನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಹಣಮಪ್ಪ ಕೈಕೊಟ್ಟ ಮೇಲೆ ಗಂಡ ಶಿವಯೋಗಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ, “ಫೋನಿನಾಗ ಹುಡುಕು. ಈಗ ಎಲ್ಲಾರೂ ಹಂಗ ಮಾಡ್ತಾರ,” ಎಂದ. ಎಲ್ಲರೂ ಮಾಡುವುದನ್ನು ಮಾಡುವುದೆಂದರೆ ರಾಜೇಶ್ವರಿಗೆ ಮೊದಲಿನಿಂದಲೂ ಅಸಹ್ಯ. ಫೋನಿನಲ್ಲಿ ಜನ ಕೊಡುವ ಸ್ಟಾರ್‌ಗಳ ಯೋಗ್ಯತೆಯೂ ಅವಳಿಗೆ ಗೊತ್ತಿತ್ತು. ಅವಳ ಖಾನಾವಳಿಗೇ ಒಬ್ಬ ಪುಣ್ಯಾತ್ಮ ಒಂದು ಸ್ಟಾರ್ ಹಾಕಿ, ‘ಉಳ್ಳಾಗಡ್ಡಿ ಎರಡನೇ ಸಲ ಕೇಳಿದರೆ ಮುಖ ನೋಡುತ್ತಾರೆ’ ಎಂದು ಬರೆದಿದ್ದ. ಮುಖ ನೋಡಿದ್ದು ಖರೆ. ಆದರೆ ಅದು ಎರಡನೇ ಸಲವಲ್ಲ. ಆ ಹೊತ್ತಿಗೆ ಅವನು ಒಂದು ಬುಟ್ಟಿ ಉಳ್ಳಾಗಡ್ಡಿ ಮುಗಿಸಿ ಮೊಸರಿಗೆ ಕೈ ಹಾಕಿದ್ದ.

ಬೇರೆ ದಾರಿಯಿಲ್ಲದೆ ಹುಡುಕಿದಳು. ಜಮಖಂಡಿಯ ‘ಮನೆಮಿಂಚು ರಿನೋವೇಶನ್ಸ್’ ಎಂಬುದು ಎಲ್ಲಕ್ಕಿಂತ ಮೇಲೆ ಬಂತು. ಐದಕ್ಕೆ ಐದು. ಕೆಳಗೆ ಸಾಲುಗಟ್ಟಿ ಹೊಗಳಿಕೆ. ಒಬ್ಬ ಬರೀ ಕೈಮುಗಿಯುವ ಚಿತ್ರ ಹಾಕಿದ್ದ. ಒಬ್ಬ ‘ಅಣ್ಣ ಬೆಂಕಿ’ ಎಂದಿದ್ದ. ಕಟ್ಟಡದ ವಿಷಯದಲ್ಲಿ ಅದು ಹೊಗಳಿಕೆ ಹೇಗಾಗುತ್ತದೋ ಅವನಿಗೇ ಗೊತ್ತು. ಇನ್ನೊಬ್ಬ ‘ಒಳ್ಳೆ ಮನೆತನದ ಹುಡುಗ’ ಎಂದು ಬರೆದಿದ್ದ. ಸಂಡಾಸ ಕಟ್ಟುವವನಿಗೆ ಹೆಣ್ಣು ಕೊಡುತ್ತಿದ್ದಾನೇನೋ ಎಂದು ರಾಜೇಶ್ವರಿ ರೊಟ್ಟಿ ತಟ್ಟುತ್ತಲೇ ನಕ್ಕಳು.

ತಂಗೆವ್ವ ಕಣ್ಣು ಕಿರಿದು ಮಾಡಿ ಫೋನಿನೊಳಗೆ ಇಣುಕಿದಳು.

“ಅವೇನವಾ ಸಾಲಕ ಚಿಕ್ಕಿ?”

“ಮಂದಿ ಕೊಟ್ಟಿದ್ದು, ಅತ್ತಿ. ಕೆಲಸ ಛಲೋ ಇದ್ರ ಐದು ಕೊಡ್ತಾರ.”

“ಯಾರ್ ಮಂದಿ?”

ಸರಿಯಾದ ಪ್ರಶ್ನೆ ಅದೊಂದೇ ಆಗಿತ್ತು. ಆದರೆ ರಾಜೇಶ್ವರಿ ತನ್ನ ಜಾಣತನದ ಗುಂಗಿನಲ್ಲಿದ್ದಳು. ಬರೀ ಸ್ಟಾರ್ ಹಾಕಿದವರನ್ನು ಬಿಡಬೇಕು, ಕೈಮುಗಿದವರನ್ನು ಬಿಡಬೇಕು, ಬೆಂಕಿ ಎಂದವರನ್ನು ಬಿಡಲೇಬೇಕು. ಕೂತು ನಾಲ್ಕು ಸಾಲು ಬರೆದವರನ್ನಷ್ಟೇ ನಂಬಬೇಕು ಎಂದು ತನ್ನದೇ ಒಂದು ಲೆಕ್ಕ ಹಾಕಿದಳು. ಹೀಗೆ ಜಾಡಿಸಿದ ಮೇಲೆ ಉಳಿದದ್ದು ಒಂದೇ ಒಂದು. ಬೀಳಗಿಯ ‘ಉಮಾಶ್ರೀ ಲೇಡೀಸ್ ಟೇಲರ್ಸ್’ ಹೆಸರಿನಲ್ಲಿ ಬರೆದದ್ದು. ‘ನಮ್ಮ ಅಡುಗೆಮನೆ ಈಗ ಥಳಥಳ ಹೊಳೆಯುತ್ತದೆ. ಬಂದವರೆಲ್ಲ ನಿಂತು ನೋಡಿ ಹೋಗುತ್ತಾರೆ. ಕಂತ್ರಾಟದಾರರ ಮಾತು ಬಹಳ ಮೃದು. ಕೆಲಸಗಾರರು ಕಸ ಗುಡಿಸಿಯೇ ಹೋದರು.’

ಇದು ಮನುಷ್ಯರು ಬರೆದ ಹಾಗಿದೆ ಎಂದುಕೊಂಡಳು. ಅಷ್ಟಕ್ಕೇ ಬಿಡದೆ ಆ ಅಂಗಡಿಯ ನಂಬರ್ ತೆಗೆದು ಫೋನನ್ನೂ ಮಾಡಿದಳು. ಆ ಕಡೆ ಹೊಲಿಗೆ ಮಷಿನ್ನಿನ ಸದ್ದು ಕೇಳುತ್ತಿತ್ತು.

“ಮನೆಮಿಂಚಿನೋರು ಹೆಂಗ್ರಿ? ಕೆಲಸ ಛಲೋ ಐತ್ರಿ?”

ಮಷಿನ್ ನಿಂತಿತು.

“ಛಲೋ ಮಾಡ್ಯಾನ್ರಿ. ಭಾಳ ನೀಟ,” ಎಂದಳು ಉಮಾಶ್ರೀ. ಮಷಿನ್ ಮತ್ತೆ ಶುರುವಾಯಿತು.

ಮನೆಮಿಂಚಿನ ಮಾಲೀಕ ಅಮಿತ ಎಂಬ ಹುಡುಗ. ಬಿಗಿ ಪ್ಯಾಂಟು, ಒಪ್ಪವಾಗಿ ಕತ್ತರಿಸಿದ ಗಡ್ಡ, ಕಂಕುಳಲ್ಲಿ ಒಂದು ಟ್ಯಾಬು. ಊಟಕ್ಕೆ ಏಳಪ್ಪಾ ಎಂದರೆ, “ರೊಟ್ಟಿ ಬಿಟ್ಟೇನ್ರಿ ಅಕ್ಕಾರ, ಡಯಟ್,” ಎಂದ. ಖಾನಾವಳಿಯ ಹೊಸ್ತಿಲಲ್ಲಿ ನಿಂತು ಈ ಮಾತನ್ನಾಡಿದವನನ್ನು ಅಲ್ಲೇ ಹೊರಗೆ ಕಳಿಸಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು. ಅವನು ಟ್ಯಾಬಿನಲ್ಲಿ ಒಂದು ಬಚ್ಚಲು ತೋರಿಸಿದ. ಗಾಜಿನ ಗೋಡೆ, ಬಟ್ಟಲಿನಂಥ ಬೇಸಿನ್, ಮೇಲಿನಿಂದ ಮಳೆ ಸುರಿಸುವ ಷವರ್, ಒಂದು ಮೂಲೆಯಲ್ಲಿ ಯಾತಕ್ಕೋ ಏನೋ ಹಸಿರು ಗಿಡ. ಅಂಥದ್ದರಲ್ಲಿ ಸ್ನಾನ ಮಾಡುವವರು ಮೊದಲೇ ಸ್ನಾನ ಮಾಡಿಕೊಂಡು ಬಂದಿರುತ್ತಾರೆ ಎಂದು ಅವಳಿಗೆ ಅನ್ನಿಸಿತು. ಆದರೆ ಅದೇ ಕ್ಷಣ ನೆರಿಗೆ ಎತ್ತಿ ಹಿಡಿದ ಮಾದೇವಿ ಕಣ್ಣ ಮುಂದೆ ಬಂದಳು. ಈ ಗಾಜು ನೋಡಿದರೆ ಅವಳ ಬೆರಳಿಂದ ನೆರಿಗೆ ಜಾರುತ್ತದೆ ಎಂದುಕೊಂಡಳು.

ತಂಗೆವ್ವ ನಡುವೆ ಬಾಯಿ ಹಾಕಿದಳು. “ಕಾಲ ಚಾಚೂದೆಲ್ಲೋ ತಮ್ಮಾ?”

ತಂಗೆವ್ವ ಕೇಳಿದ್ದು ಕೂಸಿನ ಸ್ನಾನದ ಮಾತು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಮೊಣಕಾಲಿನ ಮೇಲೆ ಕೂಸನ್ನು ಮಲಗಿಸಿ ಎರೆಯಬೇಕು. ಆ ಓಣಿಯ ಎಷ್ಟೋ ಕೂಸುಗಳು ತಂಗೆವ್ವನ ಕಾಲ ಮೇಲೇ ಮಿಂದು ಬೆಳೆದಿದ್ದವು.

“ಎಲ್ಲಾ ಆಗ್ತೈತಿ ಆಯಿ,” ಎಂದ ಅಮಿತ, ಟ್ಯಾಬಿನಿಂದ ಮುಖ ಎತ್ತದೆ.

“ಎಲ್ಲಾ ಆಗ್ತೈತಂತ, ಅತ್ತಿ. ನೀವ್ ಸುಮ್ನಿರ್ರಿ,” ಎಂದಳು ರಾಜೇಶ್ವರಿಯೂ. ತಂಗೆವ್ವ ಸೆರಗು ಹೊದ್ದು ಸುಮ್ಮನಾದಳು.

ಸಂಜೆ ರಬಕವಿಗೆ ಫೋನ್ ಮಾಡಿ, ಜಮಖಂಡಿಯ ಮನೆಮಿಂಚಿನವರಿಗೆ ಕೆಲಸ ಕೊಟ್ಟೆವು ಎಂದು ಸ್ವಲ್ಪ ಗತ್ತಿನಿಂದಲೇ ಹೇಳಿದಳು. “ಭಾಳ ಛಲೋ ಆತ ಬಿಡ್ರಿ,” ಎಂದಳು ಮಾದೇವಿ. ಅವಳ ಧ್ವನಿಯಲ್ಲಿ ಇಷ್ಟು ಸಂತೋಷವನ್ನು ರಾಜೇಶ್ವರಿ ಎಂದೂ ಕೇಳಿರಲಿಲ್ಲ. ಬೀಗತಿಯ ಬಾಯಿ ಮುಚ್ಚಿಸಿದೆ ಎಂದು ಆ ರಾತ್ರಿ ಸುಖವಾಗಿ ಮಲಗಿದಳು.

ಕೆಲಸ ಶುರುವಾಯಿತು ಎನ್ನುವುದಕ್ಕಿಂತ ಫೋಟೋ ಶುರುವಾಯಿತು ಎನ್ನಬೇಕು. ಗೋಡೆ ಒಡೆಯುವಾಗ ಫೋಟೋ, ಮರಳು ಇಳಿಸುವಾಗ ಫೋಟೋ, ಅಮಿತ ಹಳದಿ ಟೊಪ್ಪಿಗೆ ಹಾಕಿಕೊಂಡು ಸೂರಿನತ್ತ ಬೆರಳು ತೋರಿಸುವ ಫೋಟೋ. ಸೂರಿನಲ್ಲಿ ಏನೂ ಇರಲಿಲ್ಲ. ಮೊದಲ ಟೈಲ್ಸ್ ಕೂರುವ ಮೊದಲೇ, “ಒಂದು ಐದು ಸ್ಟಾರ್ ಒತ್ತಿಬಿಡ್ರಿ ಅಕ್ಕಾರ,” ಎಂದು ಕೇಳಿದ. ಉಣ್ಣುವ ಮೊದಲೇ ತೇಗು ಕೇಳುವವನನ್ನು ಅವಳು ಅದೇ ಮೊದಲು ನೋಡಿದ್ದು. “ಕೆಲಸ ಮುಗೀಲಿ,” ಎಂದಳು.

ಕುಬಸಕ್ಕೆ ವಾರವಿದೆ ಎನ್ನುವಾಗ ಮುಗಿಯಿತು. ಗಾಜು ಹೊಳೆಯಿತು, ಬೇಸಿನ್ ಹೊಳೆಯಿತು, ಪ್ಲಾಸ್ಟಿಕ್ ಗಿಡವೂ ಬಂದು ಕೂತಿತು. ಕೊನೆಯ ಫೋಟೋ ತೆಗೆದುಕೊಂಡು ಅಮಿತ ಬೈಕ್ ಹತ್ತಿದ. ರಾಜೇಶ್ವರಿ ಕೊಡ ತುಂಬಿ ನೆಲಕ್ಕೆ ನೀರು ಸುರಿದಳು.

ನೀರು ಒಂದು ಗಳಿಗೆ ಯೋಚನೆ ಮಾಡಿದಂತೆ ನಿಂತಿತು. ಆಮೇಲೆ ಮೋರಿಯ ಕಡೆಗೆ ಬೆನ್ನು ಮಾಡಿ ನೇರವಾಗಿ ಬಾಗಿಲಿಗೆ ಬಂತು, ಹೊಸ್ತಿಲು ದಾಟಿತು, ಬಾಣಂತಿಗೆಂದು ಹೊರಸು ಹಾಕಿಟ್ಟಿದ್ದ ಕೋಣೆಗೆ ಹೋಯಿತು. ಇನ್ನೊಂದು ಕೊಡ ಸುರಿದಳು. ಅದೂ ಅದೇ ದಾರಿ ಹಿಡಿಯಿತು. ತಂಗೆವ್ವ ಒಳಗೆ ಹೋಗಿ, ಕಷ್ಟಪಟ್ಟು ನೆಲದ ಮೇಲೆ ಕೂತು ಕಾಲು ಚಾಚಿದಳು. ಬಲಗಾಲು ಕಮೋಡಿಗೆ ಬಡಿಯಿತು, ಎಡಗಾಲು ಗಾಜಿಗೆ.

“ಕೂಸಿನ್ನ ನಿಂದರಿಸಿ ಎರೀಬೇಕೇನವಾ?” ಎಂದು ಅಲ್ಲಿಂದಲೇ ಕೇಳಿದಳು. ರಾಜೇಶ್ವರಿಗೆ ಅತ್ತೆಯ ಮುಖ ನೋಡಲಾಗಲಿಲ್ಲ. ಅತ್ತೆಯ ಬಾಯಿ ಮುಚ್ಚಿಸಿದ್ದು ತಾನೇ ಎಂಬುದು ಒಳಗೆ ಚುಚ್ಚಿತು, ನಾಚಿಕೆಯಾಯಿತು.

ಅಮಿತನಿಗೆ ಫೋನ್ ಮಾಡಿದಳು. ಮೊದಲ ದಿನ ಸೈಟಿನಲ್ಲಿದ್ದ, ಮರುದಿನ ಮೀಟಿಂಗಿನಲ್ಲಿದ್ದ, ಮೂರನೆಯ ದಿನ ಎತ್ತಲೇ ಇಲ್ಲ. ಗೌಂಡಿ ಹಣಮಪ್ಪ ಇವನಿಗಿಂತ ಮೇಲು. ಅವನು ಸುಳ್ಳು ಹೇಳಲಿಕ್ಕಾದರೂ ಖುದ್ದಾಗಿ ಬರುತ್ತಿದ್ದ.

ಆಗ ಅವಳು ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಕೂತು ಬರೆದಳು. ಖಾನಾವಳಿಯ ಹೆಸರಿನಲ್ಲೇ ಒಂದು ಸ್ಟಾರ್ ಒತ್ತಿ, ‘ನೀರು ಮೋರಿಗೆ ಹೋಗುವುದಿಲ್ಲ, ಮನೆಯೊಳಗೆ ಬರುತ್ತದೆ. ಕೂತು ಮೈ ತೊಳೆಯಲು ಜಾಗವಿಲ್ಲ. ಕರೆದರೆ ಮಾಲೀಕ ಬರುವುದಿಲ್ಲ. ಫೋಟೋ ತೆಗೆಸಿಕೊಳ್ಳುವವರಿಗೆ ಈ ಬಚ್ಚಲು ಚೆನ್ನಾಗಿದೆ,’ ಎಂದು ಹಾಕಿದಳು. ಮೈ ಹಗುರವಾಯಿತು. ಜಮಖಂಡಿಯಿಂದ ಬೀಳಗಿಯವರೆಗೆ ಖರೆ ಬರೆದವಳು ತಾನೊಬ್ಬಳೇ ಎಂಬ ಹೆಮ್ಮೆಯಲ್ಲಿ ಸಂಜೆಯ ರೊಟ್ಟಿಗಳು ಕೂಡ ತೆಳ್ಳಗೆ ಬಂದವು.

ಮೊದಲು ಬಂದ ಫೋನ್ ಟೈಲ್ಸ್ ಅಂಗಡಿಯ ದಶರಥನದು. ‘ಅಣ್ಣ ಬೆಂಕಿ’ ಎಂದು ಬರೆದಿದ್ದವನು ಇವನೇ.

“ಏನ್ರಿ ಅಕ್ಕಾರ, ಹಿಂಗ ಮಾಡಿದ್ರಿ? ಸ್ಟಾರ್ ಅಂದ್ರ ಮುಯ್ಯಿ ಇದ್ದಂಗ್ರಿ. ನಾವ್ ಅವಗ ಹಾಕ್ತೇವಿ, ಅಂವ ನಮಗ ಹಾಕ್ತಾನ. ಅದರಾಗ ಖರೆ ಖೊಟ್ಟಿ ಯಾರ್ ನೋಡ್ತಾರ?”

ರಾಜೇಶ್ವರಿಗೆ ಆಗ ಹೊಳೆಯಿತು. ಅವರ ಕಡೆ ಮದುವೆಗೆ ಹೋದವರು ಸೀರೆ, ಪಾತ್ರೆ ಮುಯ್ಯಿ ಮಾಡಿ ಬರುತ್ತಾರೆ. ಮಾಡಿಸಿಕೊಂಡವರು ಇವರ ಮನೆಯ ಕಾರ್ಯದಲ್ಲಿ ಅದನ್ನು ತೀರಿಸುತ್ತಾರೆ. ಆ ಸೀರೆಯನ್ನು ಯಾರೂ ಉಡುವುದಿಲ್ಲ. ಮನೆಯಿಂದ ಮನೆಗೆ ಮಡಿಕೆ ಬಿಚ್ಚದೆ ತಿರುಗುತ್ತಿರುತ್ತದೆ. ಅಂಥ ಸೀರೆಯನ್ನು ಅವಳು ನಂಬಿ ಉಡಲು ಹೋಗಿದ್ದಳು. ಈ ಜನಕ್ಕೆ ಯಾವ ಹೊಸ ಯಂತ್ರ ಕೊಟ್ಟರೂ ಅಷ್ಟೇ, ಬೀಗರ ಲೆಕ್ಕಕ್ಕೆ ಅದನ್ನು ಬಗ್ಗಿಸದೆ ಬಿಡುವುದಿಲ್ಲ ಎಂದು ಅವಳು ಫೋನ್ ಇಟ್ಟಳು.

ಎರಡನೆಯದು ಉಮಾಶ್ರೀಯದು. ಈ ಸಲ ಮಷಿನ್ನಿನ ಸದ್ದಿರಲಿಲ್ಲ.

“ನೀವು ಬರದದ್ದು ಓದಿದ್ನಿರಿ. ನಮ್ಮ ಅಡಗಿಮನ್ಯಾಗೂ ಹಂಗ ಆಗೈತಿ. ಕಟ್ಟಿ ಎದಿ ಮಟ ಮಾಡ್ಯಾನ, ಸ್ಟೂಲ್ ಮ್ಯಾಲೆ ನಿಂತು ರೊಟ್ಟಿ ಮಾಡ್ತೇನಿ. ನಮ್ಮ ತಂಗಿನ್ನ ಅಮಿತನ ಕಾಕಾನ ಮನಿಗೆ ಕೊಟ್ಟೇವ್ರಿ. ಅವತ್ತ ಹೇಳಾಕ ಬಾಯಿ ಬರಲಿಲ್ಲ.”

“ನಾ ನಿಮ್ಮನ್ನ ನಂಬಿ ಕೆಲಸಾ ಕೊಟ್ಟೇನ್ರಿ,” ಎಂದಳು ರಾಜೇಶ್ವರಿ. ಸಿಟ್ಟು ನೆತ್ತಿಗೇರಿತ್ತು. “ಬಾಯಿ ಬರಲಿಲ್ಲಂದ್ರ ಹೊಗಳಾಕ ಹೆಂಗ ಬಂತು? ನಿಮ್ಮಂಥ ಹೇಡಿ ಮಂದಿ ಇರೂದಕ್ಕ ಇಂಥಾವರು ಮೆರೀತಾರ. ನಿಮ್ಮ ತಂಗೀ ಸಂಸಾರಕ್ಕ ನನ್ನ ಮಗಳ ಬಾಣಂತನ ಯಾಕ ಕೆಡಿಸಿದ್ರಿ?”

ರಾಜೇಶ್ವರಿಯೇ ಫೋನ್ ಕಡಿದಳು. ಒಬ್ಬರನ್ನಾದರೂ ಮುಖಕ್ಕೆ ಹೊಡೆದಂತೆ ಬೈದೆನಲ್ಲ ಎಂಬ ತೃಪ್ತಿ ಅವಳಿಗೆ ಮರುದಿನ ಬೆಳಗಿನ ತನಕ ಉಳಿಯಿತು.

ಬೆಳಿಗ್ಗೆ ಫೋನ್ ಮಾಡಿದವಳು ಮಾದೇವಿ. ಮಾತು ಬೆಣ್ಣೆಯ ಹಾಗೆ ಮೆತ್ತಗಿತ್ತು.

“ಆರಾಮ್ ಅದೀರೇನ್ರಿ ಬೀಗರ? ಅಮಿತ ನಮ್ಮ ಅಕ್ಕನ ಮಗ ಅನ್ನೂದು ನಿಮಗ ಗೊತ್ತಿರಲಿಲ್ಲಂತ ಕಾಣಸ್ತೈತಿ. ಹುಡುಗ ನಿನ್ನೆಯಿಂದ ಉಂಡಿಲ್ಲ. ಅಕ್ಕ ಫೋನ್ ಮಾಡಿ ಅಳಾಕತ್ತಾಳ. ನಮ್ಮ ಬೀಗರ ನಮ್ಮ ಹುಡುಗನ ಮಾನಾ ಕಳದ್ರ ಹೆಂಗ್ರಿ?”

“ನೀರು ಮನಿಯೊಳಗ ಬರ್ತೈತ್ರಿ,” ಎಂದಳು ರಾಜೇಶ್ವರಿ.

“ಬರಲಿ, ಒರಸಿದ್ರಾತು. ಬರದದ್ದು ಒರಸಿದ್ರ ಹೋಗೂದಿಲ್ರಿ. ಅದನ್ನ ತಗದು ಒಂದೀಟು ಛಲೋದು ಬರೀರಿ. ಉದ್ದಕ ಬರೀರಿ, ನೀವ್ ಬರದ್ರ ಖರೆ ಅನಸ್ತೈತಿ.” ಆಮೇಲೆ, “ಇಲ್ಲಾಂದ್ರ ರೇಷ್ಮಾ ಇಲ್ಲೇ ಇರಲಿ ಬಿಡ್ರಿ. ನಿಮ್ಮ ಬಚ್ಚಲದಾಗ ಜಾಗಾನ ಇಲ್ಲಂತ ನೀವ ಬರದೀರಲ್ಲ,” ಎಂದಳು.

ಹಿಂದಿನಿಂದ ರೇಷ್ಮಾಳ ಕೆಮ್ಮು ಕೇಳಿಸಿತು. ಅವಳು ಫೋನ್ ಇಸಿದುಕೊಂಡು, “ಯವ್ವಾ, ಬರದುಬಿಡ ಬೇ. ನಾ ಇಲ್ಲಿ ಇರಾಕ ಒಲ್ಲೆ,” ಎಂದಷ್ಟೇ ಹೇಳಿದಳು. ಆ ಧ್ವನಿ ಸಣ್ಣದಾಗಿತ್ತು.

ಅವಳು ಒಂದು ಸ್ಟಾರ್ ತೆಗೆದಳು. ಐದು ಒತ್ತಿದಳು. ಸುಳ್ಳು ಮಾತ್ರ ಬರೆಯಬಾರದು ಎಂದು ಬಹಳ ಹೊತ್ತು ಯೋಚಿಸಿ ಬರೆದಳು: ‘ನಮ್ಮ ಮನೆಯ ಬಚ್ಚಲು ಈಗ ಕನ್ನಡಿಯಂತೆ ಹೊಳೆಯುತ್ತದೆ. ಓಣಿಯವರೆಲ್ಲ ಬಂದು ನೋಡಿ ಹೋದರು. ನಮ್ಮ ಬೀಗರಿಗೂ ಬಹಳ ಮೆಚ್ಚುಗೆಯಾಗಿದೆ. ಕಂತ್ರಾಟದಾರರು ಪ್ರತಿಯೊಂದು ಹಂತವನ್ನೂ ಫೋಟೋ ತೆಗೆದು ಇಟ್ಟುಕೊಳ್ಳುತ್ತಾರೆ.’ ಒಂದೊಂದು ಸಾಲೂ ಖರೆ. ಒಟ್ಟು ಮಾತ್ರ ಬರೀ ಖೊಟ್ಟಿ. ಓದಿ ನೋಡಿದಾಗ, ಇಂಥದ್ದನ್ನು ಎಲ್ಲೋ ಓದಿದ್ದೇನೆ ಅನ್ನಿಸಿತು. ಎಲ್ಲಿ ಎಂದು ನೆನಪಾದ ಮೇಲೆ ಫೋನನ್ನು ರೊಟ್ಟಿಬುಟ್ಟಿಯ ಹಿಂದೆ ಬೋರಲು ಹಾಕಿದಳು.

ಮುಯ್ಯಿ ತಿರುಗಿ ಬರಲು ತಡವಾಗಲಿಲ್ಲ. ಅವಳ ಖಾನಾವಳಿಗೆ ಅಂದೇ ಐದು ಸ್ಟಾರ್ ಬಿತ್ತು. ‘ಇಂಥ ಮೆತ್ತನೆಯ ರೊಟ್ಟಿ ನಾಕೂ ತಾಲೂಕಿನಲ್ಲಿ ಸಿಗುವುದಿಲ್ಲ’ ಎಂದು ಬರೆದವನು ಅಮಿತ, ಡಯಟ್ ಮಾಡುವವನು. ರಾಜೇಶ್ವರಿ ಅದನ್ನು ಪೂರ್ತಿ ಓದದೆ ಫೋನನ್ನು ಗಂಡನ ಕೈಗೆ ಕೊಟ್ಟಳು. ಶಿವಯೋಗಿ ಮಾತ್ರ ಗಿರಾಕಿಗಳಿಗೆಲ್ಲ ತೋರಿಸಿದ.

ಕುಬಸವಾಯಿತು, ರೇಷ್ಮಾ ಬಂದಳು, ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮಾದೇವಿ ಬಂದು ಗಾಜಿನ ಬಚ್ಚಲನ್ನು ಬಂದವರಿಗೆಲ್ಲ ತೋರಿಸಿ, “ನಮ್ಮ ಅಮಿತನ ಕೆಲಸ,” ಎಂದಳು. ಆ ದಿನ ಮಾತ್ರ ಅದರೊಳಗಿನ ಉಳ್ಳಾಗಡ್ಡಿ ಚೀಲಗಳನ್ನು ಹೊರಗೆ ತೆಗೆದಿದ್ದರು. ಕೂಸು ಮೀಯುತ್ತಿದ್ದದ್ದು ಹಿತ್ತಲಿನ ಹೊಗೆಬಚ್ಚಲಲ್ಲೇ, ತಂಗೆವ್ವ ಚಾಚಿದ ಕಾಲ ಮೇಲೆ, ಹಂಡೆಯ ನೀರಿನಲ್ಲಿ. ಮಾದೇವಿ ಅದನ್ನೂ ನೋಡಿದಳು. ಈ ಸಲ ನೆರಿಗೆ ಎತ್ತಲಿಲ್ಲ, ಏನೂ ಅನ್ನಲೂ ಇಲ್ಲ. ಬೇಕಾದದ್ದು ಸಿಕ್ಕ ಮೇಲೆ ಹೊಗೆ ಯಾರ ಕಣ್ಣಿಗೂ ಹತ್ತುವುದಿಲ್ಲ.

ಒಂದು ದಿನ ಬೆಳಿಗ್ಗೆ ಹಿತ್ತಲಿನಿಂದ ಕೂಸಿನ ಕಿರುಚು, ತಂಗೆವ್ವನ ಜೋಗುಳ ಕೇಳುತ್ತಿದ್ದವು. ರಾಜೇಶ್ವರಿ ರೊಟ್ಟಿ ತಟ್ಟುತ್ತಿದ್ದಾಗ ಫೋನ್ ಬಂತು. ಹಿಟ್ಟಿನ ಬೆರಳಲ್ಲೇ ಒತ್ತಿ ಪಕ್ಕಕ್ಕಿಟ್ಟುಕೊಂಡಳು. ಗುರುತಿಲ್ಲದ ಹೆಣ್ಣಿನ ಧ್ವನಿ.

“ನಾ ಲೋಕಾಪುರದಿಂದ ಮಾಲಾ ಅಂತ ಮಾತಾಡಾಕತ್ತೇನ್ರಿ ಅಕ್ಕಾರ. ನಿಮ್ಮ ಖಾನಾವಳಿ ನಂಬರ್ ಫೋನಿನಾಗ ಸಿಕ್ತು. ನಮ್ಮತ್ತಿ ಬಿದ್ದು ತೊಡಿ ಮುರಕೊಂಡಾರ. ಹಿತ್ತಲಕ ಹೋಗಾಕ ಬರೂದಿಲ್ಲ. ಮನಿಯೊಳಗ ಒಂದು ಬಚ್ಚಲ ಮಾಡಸಬೇಕ್ರಿ. ಆ ಜಮಖಂಡಿ ಹುಡುಗ ಹೆಂಗ್ರಿ?”

ರಾಜೇಶ್ವರಿಯ ಕೈ ರೊಟ್ಟಿಯ ಮೇಲೆ ನಿಂತಿತು. ತಟ್ಟುವ ಸದ್ದು ನಿಂತದ್ದು ಅವಳ ಕಿವಿಗೇ ಕೇಳಿಸಿತು. ಒಳಕೋಣೆಯಲ್ಲಿ ರೇಷ್ಮಾ ಹೊರಸಿನ ಮೇಲೆ ಮಗ್ಗಲು ಬದಲಿಸಿ ಮಲಗಿದ್ದಳು.

“ಬಾಕಿ ಮಂದೀದೆಲ್ಲ ಬರೇ ಸ್ಟಾರ್ ಅದಾವ್ರಿ,” ಎಂದಳು ಮಾಲಾ. “ಕೈ ಮುಗದಾರ, ಬೆಂಕಿ ಅಂದಾರ. ಬೀಳಗಿ ಟೇಲರ್ ಬಿಟ್ರ ನೀವೊಬ್ಬರ ಕುಂತು ಉದ್ದಕ ಬರದೀರಿ. ಅದಕ್ಕ ನಿಮ್ಮನ್ನ ಕೇಳಿದ್ರ ಖರೆ ಗೊತ್ತಾಗ್ತೈತಿ ಅಂತ ಮಾಡಿದೆ.”

ಹಂಚಿನ ಮೇಲಿದ್ದ ರೊಟ್ಟಿ ಉಬ್ಬಿ ಹೊಗೆಯಾಡತೊಡಗಿತು.

“ಛಲೋ ಮಾಡ್ಯಾನ್ರಿ,” ಎಂದಳು ರಾಜೇಶ್ವರಿ. “ಭಾಳ ನೀಟ.”

ಆ ಕಡೆಯವಳು ಪುಣ್ಯ ಬರಲಿ ಎಂದು ಹರಸಿ ಫೋನ್ ಇಟ್ಟಳು. ರಾಜೇಶ್ವರಿ ರೊಟ್ಟಿ ತಿರುವಿ ಹಾಕಿ, ಇನ್ನೊಂದು ಉಂಡೆ ತೆಗೆದುಕೊಂಡು ತಟ್ಟತೊಡಗಿದಳು.